ಬೇರೆ ಬಕೆಟ್

"ತಲೆ ಎತ್ತಬೇಡ, ಹಾಗೇ ಇರು," ಎಂದು ವಿಗ್ಗಕ್ಕ ಹುಡುಗಿಯ ಕತ್ತನ್ನು ಬಲ್ಬಿನ ಕಡೆಗೆ ತಿರುಗಿಸಿದಳು. ಹಣೆಯಿಂದ ಎರಡು ಬೆರಳು ಹಿಂದಕ್ಕೆ, ವಿಗ್ಗಿನ ಒಳಪಟ್ಟಿ ಬಿಗಿಯಾಗಿ ಕೂರುವ ಜಾಗದಲ್ಲಿ, ಬಾಟಲಿ ಮುಚ್ಚಳದಷ್ಟು ಅಗಲಕ್ಕೆ ಕೂದಲು ಉದುರಿ ಚರ್ಮ ಕೆಂಪಗೆ ಉಬ್ಬಿತ್ತು. ಅಂಚಿನಲ್ಲಿ ಕೀವು. ಹುಳುಕಡ್ಡಿ ಎಂದು ಹೇಳಲು ಡಾಕ್ಟರೇ ಬರಬೇಕಾಗಿರಲಿಲ್ಲ. ಈ ತಿಂಗಳಲ್ಲಿ ಅವಳು ಕಂಡ ನಾಲ್ಕನೆಯ ತಲೆ ಇದು.

"ಉರಿಯುತ್ತಕ್ಕಾ. ನಾನು ಕೊಳಕಿ ಅಲ್ಲ. ತಲೆ ತೊಳ್ಕೊಂಡೇ ಬರೋದು. ಅಮ್ಮನಾಣೆ."

"ನಿನ್ನ ಆಣೆ ಯಾರು ಕೇಳಿದ್ರು? ಸುಮ್ನಿರು."

ಗದರಲೆಂದು ಹೇಳಿದ ಮಾತಲ್ಲ ಅದು. ಹುಡುಗಿ ಆಣೆ ಇಡುವುದನ್ನು ಕೇಳುವ ಶಕ್ತಿ ವಿಗ್ಗಕ್ಕನಿಗೆ ಇರಲಿಲ್ಲ.

ರಾಜರ ಕಾಲದ ಧಾರಾವಾಹಿಯ ಚಿತ್ರೀಕರಣ ಅದು; ವಿಗ್ಗುಗಳ ಹೊಣೆಯೆಲ್ಲ ವಿಗ್ಗಕ್ಕನದು. ದಂಡು, ದರ್ಬಾರು, ದಾಸಿಯರು ಎಂದು ದಿನಕ್ಕೆ ಅರವತ್ತು ತಲೆ ಬೇಕು. ಗುಂಪಿಗೆಂದು ಇದ್ದದ್ದು ಮೂವತ್ತೆರಡು ವಿಗ್ಗು. ಬೆಳಿಗ್ಗೆ ಸಿಪಾಯಿಗಳ ತಲೆಯ ಮೇಲೆ ಕೂತದ್ದನ್ನೇ ಒಂದು ಬಾಚು ಬಾಚಿ, ಜಡೆ ಹೆಣೆದರೆ ಮಧ್ಯಾಹ್ನ ದಾಸಿಯರ ತಲೆಗೆ. ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರ ಬೆವರು. ಸಂಜೆ ಎಲ್ಲವೂ ಒಂದೇ ಗೋಣಿಚೀಲಕ್ಕೆ. ನಾಯಕಿಯ ವಿಗ್ಗುಗಳ ಬಾಳೇ ಬೇರೆ. ಮೂರು ವಿಗ್ಗಿಗೆ ಮೂರು ಮರದ ತಲೆ, ಮೂರಕ್ಕೂ ಹೆಸರು ಚೀಟಿ. ಅವನ್ನು ತಣ್ಣೀರಿನಲ್ಲಿ ಅದ್ದಿ, ಶಾಂಪೂ ನೀರಿನಲ್ಲಿ ಆಡಿಸಿ, ಹಿಂಡದೆ ಟವಲಿನಲ್ಲಿ ಒತ್ತಿ, ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸುತ್ತ ಬಂದು, ನೆರಳಿನಲ್ಲಿ ಒಂದೂವರೆ ದಿನ ಆರಿಸಬೇಕು. ಅವಕ್ಕೆ ಆ ಬಿಡುವಿತ್ತು. ಗುಂಪಿನ ವಿಗ್ಗಿಗೆ ನಾಲ್ಕು ತಿಂಗಳಿಂದ ಹನಿ ನೀರು ಸೋಕಿರಲಿಲ್ಲ.

ಅವಳು ಕೇಳದೆ ಇರಲಿಲ್ಲ. "ಎರಡು ದಿನ ಬಿಡಿ ಸಾರ್, ಎಲ್ಲ ತೊಳೆದು ಕೊಡ್ತೀನಿ," ಎಂದು ಮ್ಯಾನೇಜರನ ಮುಂದೆ ಮೂರು ಸಲ ನಿಂತಿದ್ದಳು. "ಕ್ಯಾಮೆರಾಗೆ ಮೂಗಿದೆಯೇನೇ? ಸೆಂಟು ಹೊಡಿ, ಸಾಕು," ಎಂದು ಅವನು ನಕ್ಕಿದ್ದ. ಅವಳು ಹೊಡೆದಿದ್ದಳು. ಮೂಗಿಗೆ ಸೆರಗು ಒತ್ತಿಕೊಂಡು, ಮೂವತ್ತೆರಡಕ್ಕೂ, ದಿನಾ. ಮೊದಲ ಮೂರು ತಲೆಗಳು ಗಾಯವಾದ ಮೇಲೆ ಸದ್ದಿಲ್ಲದೆ ಬರುವುದನ್ನೇ ಬಿಟ್ಟಿದ್ದವು. ಈ ನಾಲ್ಕನೆಯದು ಮಾತ್ರ ಹಾಗೆ ಹೋಗಲಿಲ್ಲ. ಸದಾ ಹಿಂದೆ ನಿಲ್ಲುವ ಇವಳನ್ನು ಎಲ್ಲರೂ 'ಮೂರನೇ ಸಾಲು' ಎಂದೇ ಕರೆಯುತ್ತಿದ್ದರು. ಇವತ್ತು ಮಧ್ಯಾಹ್ನ ಸೆಟ್ಟಿನ ನಡುಮಧ್ಯೆ ಅವಳು ವಿಗ್ಗು ಕಿತ್ತು ಕೈಯಲ್ಲಿ ಹಿಡಿದು, "ನಾನು ಇದನ್ನ ಹಾಕ್ಕೊಳಲ್ಲ," ಎಂದಿದ್ದಳು. ಅರ್ಧ ಗಂಟೆ ಶೂಟಿಂಗ್ ನಿಂತಿತ್ತು. ದುಡ್ಡು ಹಾಕಿದ ಧಣಿಗಳಿಂದ ಫೋನು ಬಂದಿತ್ತು. ಇನ್ನು ಯಾರದಾದರೂ ತಪ್ಪಾಗಲೇಬೇಕಲ್ಲ!

ಮ್ಯಾನೇಜರ್ ಕಾಗದ ಹಿಡಿದೇ ಮೇಕಪ್ ಕೋಣೆಗೆ ಬಂದ. ಅವನ ಹಿಂದೆಯೇ ದಾಸಿಯರ ಗುಂಪೂ ಬಾಗಿಲಿಗೆ ಬಂದು ನಿಂತಿತು.

"ಎರಡೇ ಸಾಲು ವಿಗ್ಗಕ್ಕ, ಓದಿ ಹೇಳ್ತೀನಿ ಕೇಳು. 'ಕೆಲಸಕ್ಕೆ ಬರುವ ಮೊದಲೇ ಈಕೆಗೆ ತಲೆರೋಗವಿತ್ತು. ಈಕೆಯಿಂದ ಕಂಪನಿಯ ವಿಗ್ಗುಗಳು ಕೆಟ್ಟಿವೆ.' ಕೆಳಗೆ ನಿನ್ನದೊಂದು ಸೈನು ಹಾಕು. ಮುಗೀತು."

ಮುಗಿಯುವುದು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಈ ಕಾಗದ ಗುಂಪಿಗೆ ಜನ ಕಳಿಸುವ ಏಜೆಂಟನ ಕೈ ಸೇರಿದರೆ ಮೂರನೇ ಸಾಲನ್ನು ಯಾವ ಸೆಟ್ಟಿನ ಹತ್ತನೇ ಸಾಲಿಗೂ ಯಾರೂ ಕರೆಯುವುದಿಲ್ಲ.

"ಸಾರ್, ನಂಗೆ ಮೊದಲು ಏನೂ ಇರಲಿಲ್ಲ..."

"ನೀನು ಬಾಯಿ ಮುಚ್ಚು. ಅಷ್ಟು ಉರಿಯಿದ್ರೆ ತಲೆ ಬೋಳಿಸ್ಕೊಂಡು ಬರಬೇಕಿತ್ತು. ವಿಗ್ಗಾದ್ರೂ ನೀಟಾಗಿ ಕೂರ್ತಿತ್ತು."

ಬಾಗಿಲಲ್ಲಿದ್ದ ಹಿರಿಯ ಹೆಂಗಸು ಗಂಟಲು ಸರಿಮಾಡಿಕೊಂಡಳು. ಇಪ್ಪತ್ತು ವರ್ಷದಿಂದ ಬಣ್ಣಬಣ್ಣದ ರಾಣಿಯರಿಗೆ ಚಾಮರ ಬೀಸಿದವಳು. ಒಂದು ದಿನವೂ ರಾಣಿಯಾಗದ್ದಕ್ಕೇ ಗುಂಪಿನವರಿಗೆಲ್ಲ 'ಮಹಾರಾಣಿ'. "ಅಲ್ಲ ಸ್ವಾಮಿ, ನಮ್ಮ ತಲೆ ಕೊಳಕು, ಒಪ್ಪಿದೆ. ಬೆಳಿಗ್ಗೆ ಇದೇ ವಿಗ್ಗು ಹಾಕಿದ್ದ ಸಿಪಾಯಿ ತಲೇನ ಹಾಲಲ್ಲಿ ತೊಳೆದಿದ್ರಾ?"

"ನಿನ್ನನ್ನ ಯಾರು ಕೇಳಿದ್ರು? ವಿಗ್ಗಕ್ಕ, ಸೈನು ಹಾಕು. ವಿಗ್ಗಿನಿಂದ ರೋಗ ಬರುತ್ತೆ ಅನ್ನೋದೆಲ್ಲ ಬರೀ ಕಟ್ಟುಕತೆ."

ಅವನು ಕಾಗದದ ಜತೆ ಕೊಟ್ಟ ಪೆನ್ನು ವಿಗ್ಗಕ್ಕನ ಕೈಯಲ್ಲೇ ಇತ್ತು. ಕಟ್ಟುಕತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಗಾಲಿನ ಬಿಸಿ ನೆತ್ತಿಗೇರಿತು. ಕೆಲಸ ಕಲಿಸಿದ ಸೋದರತ್ತೆ ಅವಳಿಗೆ ಬಾಚಣಿಗೆ ಕೊಡುವ ಮೊದಲೇ ಒಂದು ಮಾತು ಕೊಟ್ಟಿದ್ದಳು: "ತಲೆ ನೋಡಿದೋಳ ಬಾಯಿಗೆ ಹೊಲಿಗೆ ಇರಬೇಕು." ಯಾರ ವಿಗ್ಗಿನ ಕೆಳಗೆ ಏನಿದೆ ಎಂಬುದನ್ನು ಇಪ್ಪತ್ತಾರು ವರ್ಷ ಅವಳು ಗಂಡನಿಗೂ ಹೇಳಿರಲಿಲ್ಲ. ಪ್ರತಿ ಸೋಮವಾರ ಟೋಪಿ ಹಾಕಿಕೊಂಡು ಬಂದು, ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಕೆಳಗಿನಿಂದ ದಾಟಿಸುತ್ತಿದ್ದ ಈ ಮ್ಯಾನೇಜರನ ವಿಷಯವನ್ನೂ ಹೇಳಿರಲಿಲ್ಲ.

"ಸಾರ್," ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಗುಂಪಿನ ವಿಗ್ಗಿನ ಜತೆ ಸೇರಿಸಬೇಡ, ಬೇರೆ ಬಕೆಟ್ಟಿಡು, ಇಲ್ಲಾಂದ್ರೆ ಹುಳುಕಡ್ಡಿ ಅಂಟುತ್ತೆ ಅಂತ ನಂಗೆ ಹೇಳಿದ್ದು ಯಾರು?"

"ಯಾರು ಹೇಳಿದ್ರು?"

"ನೀವೇ. ಪ್ರತಿ ಸೋಮವಾರ ಹೇಳ್ತೀರಲ್ಲ."

ಮ್ಯಾನೇಜರನ ಬಲಗೈ ತಾನಾಗಿಯೇ ಹಣೆಯ ಮೇಲಿನ ಬೈತಲೆಗೆ ಹೋಯಿತು. ಅಲ್ಲಿಗೆ ಹೋದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಇಟ್ಟುಕೊಂಡ. ಬಾಗಿಲ ಕಡೆಯಿಂದ ಕಿಸಕ್ಕೆಂದು ನಗು ಬಂತು.

ವಿಗ್ಗಕ್ಕ ಗರ್ರನೆ ತಿರುಗಿದಳು. "ನಗೋರು ಆಚೆ ಹೋಗಿ! ಕೂದಲು ಉದುರೋದು ಯಾರಪ್ಪನ ತಪ್ಪೂ ಅಲ್ಲ." ಮತ್ತೆ ಅವನ ಕಡೆ ನೋಡಿದಳು. "ಬಾಯಿ ಬಿಡಬಾರದಿತ್ತು ಸಾರ್, ಬಿಡಿಸಿದ್ರಿ. ನಿಮ್ಮ ತಲೆ ನಿಮಗೆ ತಲೆ. ಇವರದ್ದೇನು, ವಿಗ್ಗು ನೇತಾಕೋ ಗೂಟಾನಾ?"

ಅವಳು ಕಾಗದವನ್ನು ಮಗುಚಿದಳು. ಖಾಲಿ ಬೆನ್ನಿನ ಮೇಲೆ, ಅಕ್ಷರ ಬಿಡಿಸಿ ಬಿಡಿಸಿ ಬರೆದಳು: 'ಈ ವಿಗ್ಗುಗಳಿಗೆ ನಾಲ್ಕು ತಿಂಗಳಿಂದ ನೀರು ತೋರಿಸಿಲ್ಲ. ಈ ಹುಡುಗಿಯ ಗಾಯ ವಿಗ್ಗಿನಿಂದ ಬಂದದ್ದು.' ಕೆಳಗೆ ಸೈನು ಹಾಕಿ, ಅವನು ಕೈ ಚಾಚುವುದರೊಳಗೆ ಮೂರನೇ ಸಾಲಿನ ಮುಷ್ಟಿಗೆ ತುರುಕಿದಳು.

"ನಾಳೆಯಿಂದ ನೀನು ಇಲ್ಲಿಗೆ ಕಾಲಿಡಬೇಡ," ಎಂದ ಮ್ಯಾನೇಜರ್. ಕೈ ಇನ್ನೂ ತಲೆಯ ಮೇಲೆಯೇ ಇತ್ತು.

"ನಾಳೆಯಿಂದ ತಾನೆ? ಇವತ್ತು ಇದೀನಲ್ಲ."

ಅವಳು ಮಿಕ್ಕ ವಿಗ್ಗುಗಳಿದ್ದ ಗೋಣಿಚೀಲವನ್ನು ಕೋಣೆಯ ಹಿಂದಿನ ನಲ್ಲಿಯವರೆಗೆ ದರದರನೆ ಎಳೆದೊಯ್ದು ಸಿಮೆಂಟಿನ ಕಟ್ಟೆಯ ಮೇಲೆ ಸುರಿದಳು. ಬಿಸಿಲಿಗೆ ನಾತ ಭಗ್ಗನೆ ಎದ್ದಿತು. ಮಹಾರಾಣಿ ಹಿಂದೆಯೇ ಬಂದಳು. ಪಿನ್ನು ಕಿತ್ತು, ತನ್ನ ತಲೆಯ ಮೇಲಿದ್ದದ್ದನ್ನೂ ರಾಶಿಗೆ ಹಾಕಿದಳು. ಒಳಗಿನ ಬಿಳಿಗೂದಲು ಬೆವರಿನಲ್ಲಿ ತಲೆಗೆ ಅಂಟಿಕೊಂಡಿತ್ತು. "ಟಬ್ಬು ಎಲ್ಲಿದೆ ಹೇಳಮ್ಮ," ಎಂದಳು. ಒಬ್ಬೊಬ್ಬರಾಗಿ ಮಿಕ್ಕವರೂ ಬಂದು ತಮ್ಮ ವಿಗ್ಗು ರಾಶಿಗೆ ಹಾಕಿದರು, ಜರಿಯ ಲಂಗ ಮೊಣಕಾಲಿಗೆ ಸಿಕ್ಕಿಸಿಕೊಂಡು.

ಮೂರನೇ ಸಾಲೂ ತೋಳು ಮಡಿಸಿದಳು. ವಿಗ್ಗಕ್ಕ ತಡೆದಳು. "ನೀನು ಕೈ ಹಾಕಬೇಡ. ಮೊದಲು ಆಸ್ಪತ್ರೆಗೆ ಹೋಗು." ನೀರಿನ ಕಡೆ ನೋಡುತ್ತ, ತಗ್ಗಿದ ದನಿಯಲ್ಲಿ ಸೇರಿಸಿದಳು, "ಸೆಂಟು ಹೊಡೀತಿದ್ದದ್ದು ನಾನೇ ಕಣೇ."

"ಗೊತ್ತಕ್ಕ," ಎಂದಳು ಹುಡುಗಿ. "ನಮಗೇನು ಮೂಗಿಲ್ವಾ?"

ಹುಡುಗಿ ಕಾಗದ ಮಡಿಸಿ ರವಿಕೆಗೆ ಸಿಕ್ಕಿಸಿಕೊಂಡಳು. ಹೋಗುವ ಬದಲು ಕಟ್ಟೆಯ ತುದಿಯಲ್ಲಿ ಗಾಯಕ್ಕೆ ಗಾಳಿಯಾಡುವಂತೆ ತಲೆ ಬಗ್ಗಿಸಿ ಕೂತಳು.

ಸೆಟ್ಟಿನ ಮೈಕು "ದಾಸಿಯರು ಬನ್ನಿ, ದಾಸಿಯರು ಎಲ್ಲಿ?" ಎಂದು ಎರಡು ಸಲ ಕೂಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ ಕೂಗಿತು. ಯಾರೂ ಏಳಲಿಲ್ಲ. ಮಹಾರಾಣಿ ಟಬ್ಬನ್ನು ಓರೆ ಮಾಡಿ ಆರನೆಯ ನೀರು ಚೆಲ್ಲಿದಳು. ಅದು ಕಾಫಿಯ ಬಣ್ಣದಲ್ಲಿ ಕಟ್ಟೆಯಿಂದ ಇಳಿದು, ಬಣ್ಣ ಹಚ್ಚಿದ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಚರಂಡಿಯ ಕಡೆಗೆ ನಿಧಾನವಾಗಿ ಹರಿಯಿತು. ವಿಗ್ಗಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.