ಕಾಲಿಗೆ ಹಚ್ಚಿದ ಎಣ್ಣೆ

ಕೂಗಿದರೆ ಅವಳು ಎದ್ದುಬಿಡುತ್ತಾಳೆ. ಎದ್ದರೆ ಕಾಲು ಕೊಡವುತ್ತಾಳೆ. ಕೊಡವಿದರೆ ಅದು ಸುಮ್ಮನೆ ಬಿಡುತ್ತದೆಯೇ? ಕೂಗದೇ ಹೋದರೆ? ಎಣ್ಣೆ ಪೂರ್ತಿ ನೆಕ್ಕಿದ ಮೇಲೆ ಏನು ಮಾಡುತ್ತದೆ? ಎಣ್ಣೆ ಮುಗಿದರೂ ಕಾಲು ಅಲ್ಲೇ ಇರುತ್ತದಲ್ಲ.

ಅಮರೇಶನ ತಲೆಯಲ್ಲಿ ಇವೇ ಮಾತುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದವು. ಜಟಿಂಗ ರಾಮೇಶ್ವರ ಬೆಟ್ಟದ ಬುಡದ ಹಾಳು ಮಂಟಪದಲ್ಲಿ, ಅವನಿಂದ ಎರಡು ಮಾರು ಆಚೆ, ಹೆಂಡತಿ ಸರ್ವಮಂಗಳ ಕಲ್ಲುಹಾಸಿನ ಮೇಲೆ ನಿದ್ದೆ ಹೋಗಿದ್ದಳು. ಅವಳ ಪಾದದ ಬಳಿ ಕರಡಿ ನಿಂತಿತ್ತು.

ಎಣ್ಣೆ ತಂದವನು ಅವನೇ.

ಚಳ್ಳಕೆರೆಯಲ್ಲಿ ಅವರದು ಎಣ್ಣೆ ಮಿಲ್ಲು. ಯಜಮಾನರು ಅವನ ದೊಡ್ಡಪ್ಪ ಜಯದೇವಪ್ಪ. ಪ್ರತಿ ಕಾರ್ತಿಕದಲ್ಲಿ ತಳಕು, ಮೊಳಕಾಲ್ಮೂರು ಹಾದು ಈ ಬೆಟ್ಟಕ್ಕೆ ನಡೆದೇ ಬರುವುದು ಅವರ ಪದ್ಧತಿ. ಅದಕ್ಕೊಂದು ಕಟ್ಟಳೆಯೂ ಇತ್ತು. ಹೊರಡುವ ಮುನ್ನ ಎಲ್ಲರ ಚೀಲವೂ ಶೇಂಗಾ ಮೂಟೆ ತೂಗುವ ಕಾಟಾ ಏರಬೇಕು. ನಾಲ್ಕು ಕಿಲೋ ದಾಟಿತೋ, ದೊಡ್ಡಪ್ಪ ತಾವೇ ಕೈಹಾಕಿ ಸಾಮಾನು ಹೊರಗೆಳೆಯುವರು. ಒಂದು ಜೊತೆ ಬಟ್ಟೆ, ಹೊದಿಕೆ, ಒಣ ರೊಟ್ಟಿ, ಚಟ್ನಿಪುಡಿ, ವಿಭೂತಿ. ಇಷ್ಟಲ್ಲದೆ ತಲೆಗೊಂದು ಶೋಕಿ ಸಾಮಾನು ತರಬಹುದು. "ಒಂದೇ ಒಂದು. ಮನಸ್ಸಿಗೂ ಏನಾರ ಬೇಕಲ್ಲ" ಎನ್ನುವರು. ಅವರ ಶೋಕಿ, ದಾವಣಗೆರೆಯಲ್ಲಿ ಕೊಂಡ ಗಾಳಿ ಊದುವ ದಿಂಬು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಊದಿ ತೋರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ.

ತೊಂಬತ್ತೇಳರ ಆ ಕಾರ್ತಿಕದಲ್ಲಿ ಹೊಸ ಸೊಸೆ ಸರ್ವಮಂಗಳ ತಾನೂ ಬರುವೆನೆಂದು ಹೊರಟಳು. ಅವಳ ಶೋಕಿ, ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆ. ಬೆಟ್ಟದ ಮೇಲೆ ದೇವರ ಮುಂದೆ ಅದನ್ನೇ ಉಟ್ಟು ನಿಲ್ಲಬೇಕಂತೆ.

"ಇದು ಶೋಕಿ ಅಲ್ಲವ್ವ, ಮೂಟೆ" ಎಂದರು ದೊಡ್ಡಪ್ಪ, ಕಾಟಾದ ಮುಳ್ಳು ನೋಡುತ್ತ.

"ನಿಮ್ ದಿಂಬಿನಾಗೆ ಬರೀ ಗಾಳಿ ಐತೆ ಮಾವ. ಇದ್ರಾಗೆ ಜರಿ ಐತೆ."

ದೊಡ್ಡಪ್ಪ ನಕ್ಕು, ಅವಳ ಚೀಲದ ರೊಟ್ಟಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಮರೇಶ ಬಿ.ಎ. ಮುಗಿಸಿ ಮಿಲ್ಲಿನ ಆಫೀಸಿನಲ್ಲಿ ಕೂರುತ್ತಿದ್ದವನು. ಮಾತು ಕಡಿಮೆ. ಹೆಂಡತಿ ಬಂದ ಮೇಲಂತೂ ಇದ್ದ ಮಾತೂ ಎಲ್ಲೋ ಅಡಗಿಕೊಂಡಿತ್ತು. ಅವನು ತನ್ನ ಪಾಲಿನ ಶೋಕಿಯೆಂದು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಹೊಸ ಶೇಂಗಾ ಎಣ್ಣೆ ತುಂಬಿಕೊಂಡ. ನಡೆದು ದಣಿದ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದಕ್ಕಿಂತ ದೊಡ್ಡ ಸುಖ ಅವನಿಗೆ ಗೊತ್ತಿರಲಿಲ್ಲ. ಈ ಸಲ ಅವಳ ಕಾಲಿಗೂ ತಿಕ್ಕಬೇಕೆಂಬ ಆಸೆ. ಬಾಯಿಗೆ ಬಾರದ್ದನ್ನು ಕೈಯಾದರೂ ಹೇಳೀತು.

ತಳಕು ದಾಟಿದ ಮೇಲೆ ಸರ್ವಮಂಗಳ ಮೂಗರಳಿಸಿದಳು. "ಏನೋ ಘಮ್ ಅಂತೈತಲ್ರೀ, ಶೇಂಗಾ ಹುರಿದಂಗೆ?"

ದೊಡ್ಡಪ್ಪ ಉಸಿರೆಳೆದು ನೋಡಿದರು. ಅಮರೇಶನೂ ನೋಡಿದ. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಆ ವಾಸನೆಯಲ್ಲೇ ಬೆಳೆದ ಮೂಗುಗಳು ಅವು.

"ನಿಮ್ ಮನೆಯೋರಿಗೆ ದೇವ್ರು ಮೂಗು ಶೋಕಿಗೆ ಕೊಟ್ಟಾನೆ ಬಿಡ್ರಿ" ಎಂದು ಅವಳು ನಕ್ಕಳು. ಯಾರೂ ಚೀಲ ಬಿಚ್ಚಿ ನೋಡಲಿಲ್ಲ.

ಮೊಳಕಾಲ್ಮೂರು ಬಿಟ್ಟ ಮೇಲೆ ಬಂಡೆಗಳು ಹತ್ತಿರವಾದವು. ದೊಡ್ಡಪ್ಪ ಒಂದು ಪೊದೆಯತ್ತ ಕೈ ತೋರಿಸಿ, "ಈ ಕಡೆ ಗುಡಿಗಳಾಗೆ ದೀಪದ ಎಣ್ಣೆ ಉಳಿಯೋದೇ ಇಲ್ಲ. ಕರಡಿ ಬಂದು ನೆಕ್ಕಿ ಹೋಗ್ತವೆ. ಲೆಕ್ಕ ಹಾಕಿದ್ರೆ ನಮ್ ಖಾಯಂ ಗಿರಾಕಿ ಅವೇ ಕಣ್ಲೇ ಅಮರೇಶಿ" ಎಂದರು. ಮೂವರೂ ನಕ್ಕರು.

ಮಂಟಪ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಸ್ನಾನ, ಲಿಂಗಪೂಜೆ ಆಗದೆ ದೊಡ್ಡಪ್ಪ ತುತ್ತು ಮುಟ್ಟುವವರಲ್ಲ. ಯಾತ್ರಿಕರಿಗೆಂದು ಮಂಟಪದಲ್ಲಿ ಇಟ್ಟಿದ್ದ ಕೊಡಪಾನ ಹಿಡಿದು, ಬಂಡೆಯ ಸಂದಿನಲ್ಲಿ ನೀರು ನಿಲ್ಲುವ ದೊಣೆಯ ಕಡೆ ಇಳಿದು ಹೋದರು. ಆಗಲೇ ಅಮರೇಶ ಚೀಲ ಬಿಚ್ಚಿದ್ದು. ಬಾಟಲಿಯ ಮುಚ್ಚಳ ಸಡಿಲಾಗಿ ಅರ್ಧ ಎಣ್ಣೆ ಸೋರಿತ್ತು. ಉಳಿದದ್ದನ್ನು ಅಂಗೈಗೆ ಸುರಿದುಕೊಂಡು ಅವಳ ಪಾದ ಹಿಡಿದ.

"ಅಯ್ಯಯ್ಯೋ, ಗಂಡನ ಕೈಲಿ ಕಾಲು ತಿಕ್ಕಿಸ್ಕೊಂಡ್ಲು ಅಂತ ಗೊತ್ತಾದ್ರೆ ಅತ್ತೆ ನನ್ನ ಬಿಡ್ತಾರಾ?"

"ಯಾರು ಹೇಳ್ತಾರೆ?"

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಹಿಮ್ಮಡಿ ಬಿರಿದು, ಹೆಬ್ಬೆರಳ ಬಳಿ ಬೊಕ್ಕೆ ಎದ್ದಿತ್ತು. ಅವನು ಮೆಲ್ಲಗೆ, ಬೆರಳ ಸಂದಿ ಸಂದಿಗೂ ತಿಕ್ಕಿದ. ನಗುತ್ತಿದ್ದವಳು ಹಾಗೆಯೇ ನಿದ್ದೆಗೆ ಜಾರಿದಳು. ಆಮೇಲೆ ಅವನು ತನ್ನ ಕಾಲಿಗೂ ಹಚ್ಚಿಕೊಂಡು, ಆಚೆಯ ಕಂಬಕ್ಕೊರಗಿ ಕಾಲು ಚಾಚಿ ಕೂತ. ಗಾಳಿ ನಿಂತಿತ್ತು. ಇಂಥ ಮೌನ ಅವನಿಗೆ ಇಷ್ಟ.

ಬಂಡೆಯ ಮರೆಯಿಂದ ಬಂದದ್ದನ್ನು ಕಂಡು, ಯಾರೋ ಕಂಬಳಿ ಹೊದ್ದು ಬಗ್ಗಿ ಬರುತ್ತಿದ್ದಾರೆ ಎಂದುಕೊಂಡ. ಕಂಬಳಿ ತಲೆ ಎತ್ತಿ ಬುಸ್ ಬುಸ್ ಎಂದು ಗಾಳಿ ಮೂಸಿತು. ಮೆಟ್ಟಿಲು ಹತ್ತಿತು. ಉಗುರುಗಳು ಕಲ್ಲಿನ ಮೇಲೆ ಕರಕರ ಎಂದವು.

ಅಮರೇಶ ಚಾಚಿದ್ದ ಎರಡೂ ಕಾಲನ್ನು ಸರಕ್ಕನೆ ಎಳೆದುಕೊಂಡು ಪಂಚೆಯೊಳಗೆ ಮುಚ್ಚಿದ. ಎಳೆದುಕೊಂಡ ಮೇಲೆಯೇ ಅವನಿಗೆ ಅವಳ ನೆನಪಾದದ್ದು. ಕರಡಿ ಅವನ ಕಡೆ ಒಮ್ಮೆ ಮೂತಿ ತಿರುಗಿಸಿತು. ಆಮೇಲೆ, ಇನ್ನೂ ಚಾಚಿಕೊಂಡೇ ಇದ್ದ ಕಾಲುಗಳ ಕಡೆ ನಡೆಯಿತು.

ಈಗ ಅದು ನೆಕ್ಕುತ್ತಿತ್ತು. ಚಪ್, ಚಪ್. ನಾಲಿಗೆ ತಗುಲಿದಾಗಲೆಲ್ಲ ಕಾಲುಂಗುರ ಕಲ್ಲಿಗೆ ಬಡಿದು ಸಣ್ಣಗೆ ಟಿಣ್ ಎನ್ನುತ್ತಿತ್ತು. ಅದರ ಒಂದು ಪಂಜ ಅವಳ ಸೀರೆಯ ಅಂಚಿನ ಮೇಲಿತ್ತು. ಕುಡುಗೋಲಿನಂಥ ಉಗುರುಗಳು. ಅಮರೇಶ ಬಾಯಿ ತೆರೆದ. ಗಂಟಲಿನಿಂದ ಗಾಳಿಯೂ ಹೊರಡಲಿಲ್ಲ. ಪಕ್ಕದಲ್ಲಿ ಒಂದು ಕಲ್ಲು ಬಿದ್ದಿತ್ತು. ಕೈ ಅದರ ಹತ್ತಿರ ಹೋಗಿ, ಅಲ್ಲೇ ನಿಂತಿತು. ಕಲ್ಲು ಬೀಸಿದರೆ ಅದು ನನ್ನ ಕಡೆ ಬರುತ್ತದೆ. ಬರಲಿ ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ.

"ಸಾಕು ಬಿಡ್ರೀ..." ನಿದ್ದೆಗಣ್ಣಲ್ಲೇ ಸರ್ವಮಂಗಳ ಗೊಣಗಿದಳು. "ಕಚಗುಳಿ ಆಗ್ತೈತೆ."

ಕರಡಿ ನೆಕ್ಕುವುದನ್ನು ನಿಲ್ಲಿಸಿ ಅವಳ ಮುಖ ನೋಡಿತು.

ಕಾಲು ಅಲುಗಿಸಬೇಡ, ಅಲುಗಿಸಬೇಡ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಅವಳು ಅಲುಗಿಸಲಿಲ್ಲ. ಮುಖ ಆಚೆ ಹೊರಳಿಸಿ ಮತ್ತೆ ಸುಮ್ಮನಾದಳು. ಅಷ್ಟರಲ್ಲಿ ಕೆಳಗಿನ ದಾರಿಯಿಂದ ದೊಡ್ಡಪ್ಪನ ದನಿ ಬಂತು.

"ಲೇ ಅಮರೇಶೀ, ನೀರು ಕೊರೆಯೋ ಹಂಗೈತೆ ಕಣ್ಲೇ! ಮೈಮೇಲೆ ಸುರ್ಕೊಂಡ್ರೆ ಜೀವ..."

ಮಾತು ಅಲ್ಲೇ ತುಂಡಾಯಿತು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಅದರ ನೆರಳು ಸರ್ವಮಂಗಳಳ ಮೈಯನ್ನು ಪೂರ್ತಿ ಮುಚ್ಚಿತು. ದೊಡ್ಡಪ್ಪನ ಕೈಯಿಂದ ಕೊಡಪಾನ ಜಾರಿ ಮೆಟ್ಟಿಲಿಂದ ಮೆಟ್ಟಿಲಿಗೆ ಢಣಢಣ ಉರುಳಿತು. ಆ ಸದ್ದಿಗೆ ಬೆದರಿದ ಕರಡಿ ಮುಂಗಾಲೂರಿ, ಎಣ್ಣೆಯಲ್ಲಿ ತೊಯ್ದ ಚೀಲವನ್ನು ಬಾಯಲ್ಲಿ ಕಚ್ಚಿಕೊಂಡು, ಬಂಡೆಗಳ ನಡುವೆ ಓಡಿತು. ಎದ್ದು ಕೂತ ಸರ್ವಮಂಗಳಳಿಗೆ ಕಂಡದ್ದು ಅದರ ಬೆನ್ನು ಮಾತ್ರ.

ಅವಳು ಮಣ್ಣು ತೆಗೆದು ತೆಗೆದು ಪಾದಕ್ಕೆ ಉಜ್ಜಿಕೊಂಡಳು, ಚರ್ಮ ಕೆಂಪಾದರೂ ಬಿಡಲಿಲ್ಲ. "ನೀವೇ ತಿಕ್ತಿದ್ದೀರಿ ಅನ್ಕಂಡಿದ್ದೆ" ಎಂದಳು. ಆಮೇಲೆ ಅಳತೊಡಗಿದಳು.

ದೊಡ್ಡಪ್ಪ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. "ನಾನಾಗಿದ್ರೆ ಕಿರುಚಿ ನಿನ್ನ ಸಾಯಿಸಿಬಿಡ್ತಿದ್ದೆ ತಾಯಿ. ಇವನು ನೋಡು, ತುಟಿ ಎರಡು ಮಾಡ್ಲಿಲ್ಲ. ಇವನ ಗುಂಡಿಗೆ ಏನು ಕಬ್ಬಿಣದ್ದಾ?"

ಸರ್ವಮಂಗಳ ಹಿರಿಯರ ಎದುರು ಎಂಬುದನ್ನೂ ಮರೆತು ಗಂಡನ ತೋಳಿಗೆ ಹಣೆ ಒತ್ತಿದಳು. ಅಮರೇಶ ಆಗಲೂ ಏನೂ ಅನ್ನಲಿಲ್ಲ. ಅದೂ ಅವನ ದೊಡ್ಡತನವೇ ಆಯಿತು.

ಮುಂದೆ ಮದುವೆ, ನಾಮಕರಣ ಯಾವುದೇ ಇರಲಿ, ನೆಂಟರು ಸೇರಿದಲ್ಲಿ ಅವಳೇ ಈ ಕಥೆ ಹೇಳುವಳು. ಕೇಳಿದವರು ಅವನ ಬೆನ್ನು ತಟ್ಟುವರು. ಅವಳು ಹೇಳುವಷ್ಟು ಹೊತ್ತೂ ಅವನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡಿರುತ್ತಿದ್ದವು. ಒಮ್ಮೆ, ಇಬ್ಬರೇ ಇದ್ದಾಗ, ಅವಳು ಕೇಳಿದಳು: "ಆವಾಗ ನಿಮ್ ತಲೇಲಿ ಏನಿತ್ರೀ?"

"ನೀನೇ" ಎಂದ.

ಕರಡಿ ಮೆಟ್ಟಿಲು ಹತ್ತಿದಾಗ ತಾನು ಮೊದಲು ಎಳೆದುಕೊಂಡದ್ದು ತನ್ನ ಕಾಲುಗಳನ್ನು ಎಂದು ಅಮರೇಶ ಅವಳಿಗೆ ಎಂದೂ ಹೇಳಲಿಲ್ಲ.