ರೊಟ್ಟಿ ತಿಂದ ದೆವ್ವ

ಅಕ್ಕಿಆಲೂರಿನ ಟೆಂಟ್ ಟಾಕೀಜಿಗೆ ಬಂದ ದೆವ್ವದ ಚಿತ್ರ ಒಂದನ್ನೂ ನಾನು ಬಿಟ್ಟವಳಲ್ಲ. ಉರಿಯುವ ತಲೆಬುರುಡೆಯದನ್ನು ಎರಡು ಸಲ ನೋಡಿದೆ. ಅದನ್ನು ಊರೂ ಕಿರುಚಿ ಕಿರುಚಿ ಮೆಚ್ಚಿತು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಲವತ್ತಾರನೇ ಇಸವಿಯಲ್ಲಿ ಬಂದ, ಊರೆಲ್ಲ ಉಗಿದ ಚಿತ್ರ. ಅದರ ಹೆಣ್ಣುದೆವ್ವಕ್ಕೆ ಪಾದ ಹಿಂದುಮುಂದಾಗಿರಲಿಲ್ಲ. ಸಾಲದ್ದಕ್ಕೆ ಅದು ಅಡಿಗೆಮನೆಗೆ ನುಗ್ಗಿ ಗಬಗಬ ರೊಟ್ಟಿ ತಿನ್ನುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ ನನ್ನ ಮಗಳು ಫಕ್ಕೀರವ್ವನೂ ಚಿಕ್ಕೇರೂರಿನ ಅತ್ತೆಮನೆಯಲ್ಲಿ ಹಾಗೆಯೇ ಸಿಕ್ಕಿಬಿದ್ದಿದ್ದಳು. ಮಟಮಟ ಮಧ್ಯಾಹ್ನ, ಕೂದಲು ಬಿಚ್ಚಿಕೊಂಡು, ರೊಟ್ಟಿ ಬುಟ್ಟಿಗೆ ಕೈ ಹಾಕಿದ್ದಳಂತೆ. ಆ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದರೆ ಅವಳಿಗೆ, ಇಲ್ಲದಿದ್ದರೆ ಇಲ್ಲ. ದೆವ್ವ ಬಡಿದಿದೆ ಎಂದು ತೀರ್ಮಾನಿಸಿ ನನ್ನಲ್ಲಿಗೆ ಕಳಿಸಿದ್ದರು. ಸಂತೆಯ ದಿನ ಅತ್ತೆ ಸಿದ್ದವ್ವ ಬಂದು ಮರುದಿನ ಕರೆದೊಯ್ಯುವುದು, ಅಮಾವಾಸ್ಯೆಗೆ ಬೇವಿನ ಟೊಂಗೆಯಿಂದ ಹೊಡೆಸಿ ದೆವ್ವ ಬಿಡಿಸುವುದು ಎಂದಾಗಿತ್ತು. ಹಸಿವೆಯ ಮಾತು ನಾನೆಷ್ಟು ಹೇಳಿದರೂ ಸಿದ್ದವ್ವನ ಕಿವಿಗೆ ಹೋಗಿರಲಿಲ್ಲ. ಸರಿ, ಕಣ್ಣಿಗಾದರೂ ಬೀಳಲಿ ಎಂದುಕೊಂಡೆ.

ಟೆಂಟಿನ ಉಸ್ಮಾನಸಾಬ ಚಿತ್ರದ ಡಬ್ಬಿ ಕಟ್ಟುತ್ತಿದ್ದ.

"ಸಾಹೇಬ್ರ, ಸಂತಿ ದಿನದ ತನಕ ಇದನ್ನ ತಗೀಬ್ಯಾಡ್ರಿ."

"ಇದನ್ನ ಯಾರ ನೋಡ್ತಾರ್ರೀ ತಿಪ್ಪವ್ವಾರ? ನಾಯಿನೂ ಬರಾಂಗಿಲ್ಲ."

"ಹೆಣ್ಮಕ್ಕಳ ಕಡೆ ನಾ ತುಂಬಸ್ತೇನಿ. ತುಂಬಲಿಲ್ಲಂದ್ರ ನಿಮ್ಮ ಟೆಂಟಿಗೆ ಮತ್ತ ಕಾಲಿಡಾಂಗಿಲ್ಲ."

ನನ್ನಂಥ ಖಾಯಂ ಗಿರಾಕಿ ಅವನಿಗೆ ಇನ್ನೊಬ್ಬಳಿರಲಿಲ್ಲ. ನಕ್ಕು ಡಬ್ಬಿ ಕೆಳಗಿಟ್ಟ.

ಮೂರು ದಿನ ಓಣಿ ಓಣಿ ತಿರುಗಿದೆ. "ನೆಟ್ಟಗಿನ ಕಾಲಿನ ದೆವ್ವ ಐತಂತ, ಸುಳ್ಳೋ ಖರೇನೋ ನೋಡಬರ್ರಿ" ಎಂದೆ. ಬೈದವರನ್ನೂ ಬಿಡಲಿಲ್ಲ.

ಸಂತೆಯ ಸಂಜೆ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಮರುದಿನ ಹೊರಡಬೇಕಿದ್ದ ಸಿದ್ದವ್ವ, ಟಾಕೀಜು ಎಂದೊಡನೆ ಎಲೆಅಡಿಕೆ ಚೀಲ ಹಿಡಿದು ನನಗಿಂತ ಮುಂದೆ ನಡೆದಿದ್ದಳು. ದೆವ್ವ ರೊಟ್ಟಿ ಬಾಯಿಗಿಟ್ಟಿತು. ಮನೆಯ ಯಜಮಾನ ಕೋಲೆತ್ತಿ ಬಾರಿಸಿದ. ಪೆಟ್ಟು ತಿನ್ನುತ್ತಲೇ ಅದು ಅಗಿಯಿತು. ಸಿದ್ದವ್ವ ಎದ್ದು ನಿಂತು ಕೂಗಿದಳು:

"ಏ ಭಾಡ್ಯಾ, ತಿನ್ನಾಕರ ಬಿಡೋ! ಹಸದಾಳ ಅಕಿ!"

ನಾನು ಅವಳ ಕೈ ಹಿಡಿದೆ. "ನನ್ನ ಮಗಳಿಗೆ ಬಡದ ದೆವ್ವನೂ ಇದ ಹಸಿವುರೀ, ಅಕ್ಕಾರ."

ಅವಳು ಕೈ ಕೊಸರಿಕೊಂಡಳು. ಮನೆ ಮುಟ್ಟುವವರೆಗೂ ನನಗಿಂತ ಮುಂದೆಯೇ ನಡೆದಳು. ಹೊಸ್ತಿಲಲ್ಲಿ ನಿಂತು ನಾನು ಹೇಳಿಯೇ ಬಿಟ್ಟೆ: "ಹೊಡಸ್ಕೊಳ್ಳಾಕ ನನ್ನ ಮಗಳನ್ನ ಕಳಸಾಂಗಿಲ್ಲ."

ಸಿದ್ದವ್ವ ಒಳಗೆ ಹೋಗಿ, ತಾನೇ ಗಂಗಾಳಕ್ಕೆ ರೊಟ್ಟಿ ಪಲ್ಯ ಹಾಕಿ ಸೊಸೆಯ ಕೈಗೆ ಕೊಟ್ಟಳು. ಫಕ್ಕೀರವ್ವ ಒಮ್ಮೆ ಅತ್ತೆಯ ಮುಖ ನೋಡಿದಳು. ಆಮೇಲೆ ಬಾಗಿಲ ಹಿಂದೆ ಸರಿದು, ಗೋಡೆಗೆ ಮುಖ ಮಾಡಿ, ನಿಂತೇ ಅವಸರವಸರವಾಗಿ ನುಂಗತೊಡಗಿದಳು.

"ಕುಂತ ಉಣ್ಣವಾ," ಎನ್ನುತ್ತ ಸಿದ್ದವ್ವ ಮಣೆ ಹಾಕಿದಳು. "ಯಾರೂ ಹೊಡಿಯಾಂಗಿಲ್ಲ."