ಹನ್ನೊಂದು ಸೆಕೆಂಡಿನ ದೊರ್ಕಾ ಅತ್ತಿ

೧

ಎಲ್ಲಿಂದ ಶುರು ಮಾಡಲಿ, ಓದುಗರೇ? ಲೋಕದ ಅಂತ್ಯದಿಂದ ಶುರು ಮಾಡಿದರೆ ಆಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಕೊಟ್ಟ ಮಾತೊಂದರಿಂದ. ಮೂವತ್ತೊಂದು ವರ್ಷದ ಹಿಂದೆ, ಭಾಲ್ಕಿಯ ಚರ್ಚಿನ ಹಿಂದಿನ ಕೋಣೆಯಲ್ಲಿ, ಎಂಟು ವರ್ಷದ ನಾನು ದೊರ್ಕಾ ಅತ್ತಿಗೆ ಹೇಳಿದೆ: "ಇನ್ ಮ್ಯಾಲ ಅರ್ಧಾ ಹೇಳಂಗಿಲ್ರಿ."

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ನರ್ಸ್. ಭಾನುವಾರ ಮಕ್ಕಳಿಗೆ ಬೈಬಲಿನ ವಚನ ಬಾಯಿಪಾಠ ಮಾಡಿಸುವವರು. ನಡುವೆ ಒಂದು ಪದ ಬಿಟ್ಟರೂ ಮತ್ತೆ ಮೊದಲಿನಿಂದ ಹೇಳಬೇಕು. ನಾನು ಸುಲಭದ ಅರ್ಧ ಹೇಳಿ ಆಟಕ್ಕೆ ಓಡುತ್ತಿದ್ದೆ. ಆ ದಿನ ರಟ್ಟೆ ಹಿಡಿದು ನಿಲ್ಲಿಸಿದರು.

"ಅರ್ಧಾ ವಚನ ಸುಳ್ಳಿಗಿಂತ ಖರಾಬ ಅದ. ಸುಳ್ಳ ಆದ್ರ ಹಿಡೀಬಹುದು."

೨

(ಇಲ್ಲಿ ಭಾಲ್ಕಿಯ ಸಂಜೆಯ ವರ್ಣನೆ ಇತ್ತು. ತೆಗೆದೆ. ತೆಗೆಯುವುದೇ ನನ್ನ ಉದ್ಯೋಗ.)

ನಾನು ಬೀದರಿನ ಒಂದು ನ್ಯೂಸ್ ಚಾನೆಲ್ಲಿನ ವಿಡಿಯೋ ಎಡಿಟರ್. ಹೋದ ಡಿಸೆಂಬರಿನಲ್ಲಿ ಯಾವುದೋ ದೇಶದ ಯಾರೋ ಒಬ್ಬ ಲೋಕ ಮುಗಿಯುವ ತಾರೀಖು ಹೇಳಿದ. ನಮ್ಮ ಮುಖ್ಯಸ್ಥ ಕೈಲಾಶ ಸರ್‌ಗೆ ಒಂದು ಲೋಕಲ್ ಮುಖ ಬೇಕಾಯಿತು. ಅತ್ತಿಯನ್ನು ಒಪ್ಪಿಸಿದವನು ನಾನೇ. ಕ್ಯಾಮೆರಾ ಮುಂದೆ ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಇದೂ ಇತ್ತು:

"ಲೋಕದ ಕಡೀ ದಿನಾ ನಮ್ಮ ಸ್ವಾಮಿ ತಿರುಗಿ ಬರ್ತಾನ ಅಂತ ನಂಬ್ತೇನ್ರಿ. ನಾಳಿ ಬರಬಹುದು. ಆದ್ರ ದಿನ ಯಾರಿಗೂ ಗೊತ್ತಿಲ್ಲ. ದಿನ ಹೇಳಾಂವನ್ನ ನಂಬಬ್ಯಾಡ್ರಿ. ಸ್ವಾಮಿ ಬಂದಾಗ ನಾ ಯಾರದರ ಗಾಯಕ್ಕ ಪಟ್ಟಿ ಕಟ್ಕೋತ ಇರಬೇಕು, ಅಷ್ಟೇ."

ಹನ್ನೊಂದು ಸೆಕೆಂಡು ಸಾಕು ಎಂದರು ಕೈಲಾಶ ಸರ್. ಮೊದಲ ಎರಡು ವಾಕ್ಯ ಇಟ್ಟೆ. ಅದನ್ನೇ ಎರಡು ಸಲ ಹಾಕಿದೆ, ಎರಡನೆಯದು ಸ್ಲೋ ಮೋಷನ್. ಹಿನ್ನೆಲೆಗೆ ದೆವ್ವದ ಸಿನಿಮಾದ ಮ್ಯೂಸಿಕ್. 'ನಾಳೆಯೇ ಪ್ರಳಯ! ಭಾಲ್ಕಿ ಅಜ್ಜಿಯ ಭವಿಷ್ಯ' ಎಂದು ಟೈಪು ಮಾಡಿದ್ದೂ ಈ ಬೆರಳುಗಳೇ. ಮಗಳಿಗೆ ಜ್ವರವಿತ್ತು, ಬೇಗ ಮನೆ ಸೇರಬೇಕಿತ್ತು. (ಇದನ್ನು ಕಾರಣವೆಂದು ಬರೆದಿದ್ದೇನೆ. ನೀವು ನೆಪ ಎಂದು ಓದಿಕೊಳ್ಳಿ.)

೩

ಸ್ಟುಡಿಯೋದ ಚರ್ಚೆಯಲ್ಲಿ ಒಬ್ಬರು ಇದು ಸಾಮೂಹಿಕ ಭೀತಿಯ ಕಾಯಿಲೆ ಎಂದರು. ಇನ್ನೊಬ್ಬರು ಹೊಟ್ಟೆ ಹಿಡಿದು ನಕ್ಕು, ಅಜ್ಜಿಯ ಎಣಿಕೆ ತಪ್ಪು, ಗ್ರಹಣದ ಪ್ರಕಾರ ದಿನ ಬೇರೆ ಎಂದು ತಾವೇ ಒಂದು ತಾರೀಖು ಕೊಟ್ಟರು. ದಿನ ಹೇಳಲು ಒಪ್ಪದಿದ್ದ ಒಬ್ಬರೇ ಒಬ್ಬರು, ಅತ್ತಿ, ಪರದೆಯ ಮೂಲೆಯ ವಿಡಿಯೋದಲ್ಲಿ ದನಿಯಿಲ್ಲದೆ ಬಾಯಾಡಿಸುತ್ತಿದ್ದರು.

ಆ ವಾರದ ಭಾನುವಾರವೂ ಅತ್ತಿ ಎಂದಿನಂತೆ ಔರಾದದ ಮಕ್ಕಳ ಮಧ್ಯಾಹ್ನದ ಪಾಠಕ್ಕೆ ಬಸ್ಸು ಹತ್ತಿದರು. ಹಿಂದಿನ ಸೀಟಿನವನೊಬ್ಬ ಕೇಳಿದನಂತೆ: "ವಾಪಸ್ ಬರ್ತೀರೇನ್ರಿ ಸಿಸ್ಟರ್, ಇಲ್ಲಾ ಅಲ್ಲಿಂದೇ ಮ್ಯಾಲ ಹೋಗ್ತೀರಿ?" ಬಸ್ಸೆಲ್ಲ ನಕ್ಕಿತು. ಅತ್ತಿಯೂ ಸ್ವಲ್ಪ ನಕ್ಕರು. ಔರಾದದಲ್ಲಿ ಒಂದು ಮಗುವೂ ಬಂದಿರಲಿಲ್ಲ. ಟಿವಿ ನೋಡಿ ಮಕ್ಕಳು ನಿದ್ದೆಯಲ್ಲಿ ಕಿರುಚುತ್ತಿದ್ದವಂತೆ. ಭಾಲ್ಕಿಗೆ ಮರಳಿದಾಗ ಪಾಸ್ಟರ್ ನತಾನಿಯೇಲ, ಸದ್ಯಕ್ಕೆ ಇಲ್ಲಿನ ಪಾಠವೂ ಬೇಡ, ಎಲ್ಲ ತಣ್ಣಗಾಗಲಿ ಎಂದರು. ನಲವತ್ತೊಂದು ವರ್ಷದ ಪಾಠ ನಿಂತಿತು.

೪

ಅಂತ್ಯ, ಮೊದಲನೆಯ ಕರಡು: ಚಾನೆಲ್ ಪೂರ್ತಿ ಮಾತು ಪ್ರಸಾರ ಮಾಡಿ ಕ್ಷಮೆ ಕೇಳುತ್ತದೆ. (ಹರಿದು ಹಾಕಿದೆ. ಪೂರ್ತಿ ಮಾತು ಹಾಕೋಣ ಎಂದು ನಾನು ನಿಜವಾಗಿ ಕೇಳಿದಾಗ ಕೈಲಾಶ ಸರ್ ಕತ್ತೆತ್ತದೆ, ಫುಟೇಜ್ ಡಿಲೀಟ್ ಆಗ್ಯಾದ, ಸಿಸ್ಟಮ್‌ನಾಗ ಜಾಗ ಇರಲಿಲ್ಲ ಎಂದರು.)

ಎರಡನೆಯ ಕರಡು: ಅತ್ತಿ ನನ್ನ ತಲೆಯ ಮೇಲೆ ಕೈಯಿಟ್ಟು ಕ್ಷಮಿಸುತ್ತಾರೆ. ಈ ವಾಕ್ಯ ಮುಗಿಯುವ ಮುಂಚೆ ಕಥೆಯೊಳಗಿಂದಲೇ ತಡೆದರು.

"ನಾ ಯಾವಾಗ ಮಾಫ್ ಮಾಡೀನಿ ಅಂದೆ?"

"ಕಥಿಯೊಳಗರೀ, ಅತ್ತಿ."

"ಇಲ್ಲೂ ನನ್ನ ಬಾಯಾಗ ನೀನೇ ಮಾತು ಇಡ್ತಿ. ಸಣ್ಣಾಂವ ಇದ್ದಾಗ ಅರ್ಧಾ ಹೇಳಿ ಓಡ್ತಿದ್ದಿ ನೋಡು, ಆ ವಚನ ಹೇಳು. ಪೂರಾ ಹೇಳು."

ಹೇಳಹೋದೆ. ಮೊದಲರ್ಧ ಸರಾಗ ಬಂತು. ಮುಂದಿನದು ಬಾಯಿಗೆ ಬರಲಿಲ್ಲ.

ಮೂರನೆಯ ಕರಡು: ಸ್ವಾಮಿ ನಿಜವಾಗಿಯೂ ಬರುತ್ತಾನೆ, ನೇರ ಬೀದರಿಗೆ, ನಮ್ಮ ಎಡಿಟಿಂಗ್ ಕೋಣೆಗೆ. ಅವನ ಮಾತಿಗೂ ಹನ್ನೊಂದೇ ಸೆಕೆಂಡು. ಇದನ್ನು ಮುಂದುವರಿಸುವ ಧೈರ್ಯ ನನಗಿಲ್ಲ.

೫

ಹಾಗಾಗಿ ಮುಗಿಸುವುದಿಲ್ಲ. ಚರ್ಚಿನ ಹಿಂದಿನ ಆ ಪಾಠದ ಕೋಣೆಗೆ ಈಗಲೂ ಬೀಗ. ಈ ಪತ್ರಿಕೆಯವರು ನನಗೆ ಕೊಟ್ಟದ್ದೂ ಒಂದೇ ಪುಟ. ಅತ್ತಿಯ ನಲವತ್ತು ನಿಮಿಷದಲ್ಲಿ ನಿಮಗೆ ಸಿಕ್ಕಿದ್ದು ಐದು ವಾಕ್ಯ. ಉಳಿದದ್ದನ್ನು ಮತ್ತೆ ನಾನೇ ತೆಗೆದೆ.

ಅರ್ಧ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅರ್ಧವೇ ಹೇಳಿದೆ.